ಸದ್ದು ಮಾಡುವ ರೈಲೇ ಬೇಕು

ನಮ್ಮ ಯಜಮಾನರು ಯೂರೋಪಿನ ರೈಲುಗಳನ್ನೆಲ್ಲ ಒಂದೊಂದಾಗಿ ತಪ್ಪಿಸಿಕೊಂಡಿದ್ದಾರೆ. ಪ್ಯಾರಿಸ್ಸಿನದು ತಪ್ಪಿತು, ಜ್ಯೂರಿಕ್ಕಿನದು ತಪ್ಪಿತು, ವೆನಿಸ್ಸಿನದಂತೂ ಕಣ್ಣೆದುರಿಗೇ ಹೊರಟುಹೋಯಿತು. ಇಷ್ಟೆಲ್ಲ ನಡೆದದ್ದು ಎಲ್ಲಿ ಅಂತೀರಿ? ದೊಡ್ಡಬಳ್ಳಾಪುರದ ನಮ್ಮ ಮನೆಯ ನಡುಮನೆಯಲ್ಲಿ! ಪುಣ್ಯಾತ್ಮರು ಇನ್ನೂ ಬೀರುವಿನಿಂದ ಪಾಸ್‌ಪೋರ್ಟೇ ಹೊರಗೆ ತೆಗೆದಿಲ್ಲ.

ಆದದ್ದಿಷ್ಟು. ಮಗಳು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು, "ಅಪ್ಪಾ, ಇಲ್ಲಿ ಇಳಿದು ಆ ಕಡೆ ರೈಲು ಹತ್ತಬೇಕು, ಮಧ್ಯೆ ಹನ್ನೆರಡು ನಿಮಿಷ ಟೈಮಿದೆ" ಎಂದಳು. ಇವರು ತಕ್ಷಣ ಸೋಫಾದಿಂದೆದ್ದರು. ಅಟ್ಟದ ಮೇಲಿನ ಎರಡು ಸೂಟ್‌ಕೇಸು ಇಳಿಸಿದರು. ಸೋಫಾ ಒಂದನೇ ಪ್ಲಾಟ್‌ಫಾರಂ, ಹಿತ್ತಿಲ ಬಟ್ಟೆ ಒಗೆಯುವ ಕಲ್ಲು ಏಳನೇ ಪ್ಲಾಟ್‌ಫಾರಂ ಎಂದು ತಾವೇ ಗೊತ್ತು ಮಾಡಿಕೊಂಡು ಹೊರಟರು. ಅಡುಗೆಮನೆ ಹೊಸ್ತಿಲು ಎಡವಿದರು. ಚಪ್ಪಲಿ ಸಿಗಲಿಲ್ಲ. ಮಧ್ಯದಲ್ಲಿ ಹಾಲಿನವನು ಬಂದ, ಅವನ ಹತ್ತಿರ ಎರಡು ಮಾತಾಡಿದರು. ಕೊನೆಗೆ ಒಗೆಯುವ ಕಲ್ಲಿನ ಮೇಲೆ ಕೂತು, "ಹೋಯ್ತು ಕಣೇ! ರೈಲು ಹೋಯ್ತು!" ಎಂದು ಕೂಗಿದ್ದು ಮೂರು ಬೀದಿಗೆ ಕೇಳಿಸಿತು.

ಈ ಕೂಗಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಇವರು ಕೋಪಿಷ್ಠರಲ್ಲ. ಹುಟ್ಟಿದಾಗಿನಿಂದ ಪವರ್‌ಲೂಮ್ ಮಗ್ಗದ ಪಕ್ಕದಲ್ಲೇ ಬೆಳೆದವರು, ಅದರ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ದನಿ ಹಾಗಾಗಿದೆ. ಮದುವೆಯಾದ ಹೊಸದರಲ್ಲಿ ನನ್ನ ಕಿವಿಯಲ್ಲಿ ಗುಟ್ಟಾಗಿ ಏನೋ ಹೇಳಿದರು. ಮಾರನೆಯ ದಿನ ನೀರಿಗೆ ಹೋದರೆ ಹೆಂಗಸರೆಲ್ಲ ನನ್ನ ಮುಖ ನೋಡಿ ನಕ್ಕರು!

ಹೋದ ವರ್ಷ ಮಗ್ಗಗಳನ್ನು ಮಾರಿದೆವು. ಇವರ ಮೊಣಕಾಲು ಹಟ ಹಿಡಿದಿತ್ತು. ಡಾಕ್ಟರು, "ಏನೇನು ನೋಡ್ಬೇಕು ಅಂತಿದೀರೋ ಈಗಲೇ ನೋಡ್ಕೊಂಡ್ಬಿಡಿ, ಮುಂದೆ ಓಡಾಟ ಕಷ್ಟ" ಎಂದುಬಿಟ್ಟರು. ನನಗೆ ನೋಡಬೇಕಾಗಿದ್ದದ್ದು ಒಂದೇ, ಯೂರೋಪು. ನಗಬೇಡಿ. ಮಗ್ಗವಿದ್ದಷ್ಟು ಕಾಲ ನಾವು ತಿರುಪತಿಗೆ ಹೋದರೂ ಬೆಟ್ಟ ಇಳಿಯುವ ಮೊದಲೇ ಇವರು, "ನೂಲು ಬಂತೋ ಇಲ್ವೋ" ಎನ್ನುತ್ತಿದ್ದರು. ಜೀವಮಾನದಲ್ಲಿ ಒಂದು ಸಲ, ನೂಲಿನ ಯೋಚನೆಯಿಲ್ಲದೆ, ಹಿಮದ ಬೆಟ್ಟದ ಕೆಳಗೆ ನಿಂತು ಒಂದು ಲೋಟ ಕಾಫಿ ಕುಡಿಯಬೇಕು. ಇಷ್ಟೇ ನನ್ನ ಆಸೆ. ಈಗಾದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಮಗ್ಗದ ಜೊತೆಗೆ ಇನ್ನೊಂದೂ ಹೋಯಿತು, ನನ್ನ ನಿದ್ದೆ. ಇದನ್ನು ಹೇಳಿದರೆ ನಮ್ಮೂರಿನವರಿಗಷ್ಟೇ ಅರ್ಥವಾಗುತ್ತದೆ. ಕುಂದಾಣದಿಂದ ಸೊಸೆಯಾಗಿ ಬಂದಾಗ, ಗೋಡೆಯಾಚೆ ಲಟಪಟ ಲಟಪಟ ಎನ್ನುವ ಮಗ್ಗದ ಸದ್ದಿಗೆ ಒಂದು ತಿಂಗಳು ಕಣ್ಣು ಮುಚ್ಚಿರಲಿಲ್ಲ. ಆಮೇಲೆ ಅದಿಲ್ಲದೆ ನಿದ್ದೆಯೇ ಬಾರದ ಹಾಗಾಯಿತು. ನಮ್ಮ ಬೀದಿಯಲ್ಲಿ ಸದ್ದಿಗೆ ಯಾರಿಗೂ ಎಚ್ಚರವಾಗುವುದಿಲ್ಲ, ಕರೆಂಟು ಹೋಗಿ ಮಗ್ಗ ನಿಂತರೆ ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ಎದ್ದು ಕೂರುತ್ತೇವೆ! ಈಗ ಮಗ್ಗದ ಮನೆ ಬಣಗುಡುತ್ತದೆ, ನಾನು ಸೂರು ನೋಡುತ್ತ ಮಲಗಿರುತ್ತೇನೆ. ಮಾತ್ರೆ ನುಂಗಿದ್ದಾಯಿತು, ಅಂಗಾಲಿಗೆ ಹರಳೆಣ್ಣೆ ತಿಕ್ಕಿದ್ದಾಯಿತು. ಇವರಿಗೆ ಹೇಳಿಕೊಂಡರೆ, "ಹೂಂ" ಎಂದು ಆ ಕಡೆ ಹೊರಳಿ ಗೊರಕೆ ಶುರು ಮಾಡುತ್ತಾರೆ. ಇರಲಿ, ಯೂರೋಪಿಗೆ ಬರೋಣ. ಬರುವುದೆಲ್ಲಿಂದ, ಹೋಗಲಿಕ್ಕೇ ಬಿಡುತ್ತಿಲ್ಲವಲ್ಲ!

ಮೊದಲು ಒಳ್ಳೆಯ ಪ್ಯಾಕೇಜೇ ಸಿಕ್ಕಿತ್ತು. ನನ್ನ ನಾದಿನಿ, ಅವಳ ಗಂಡ ಹೋಗಿ ಬಂದಿದ್ದರು. ಬಸ್ಸಿನಲ್ಲೇ ಎಲ್ಲ ದೇಶ ತೋರಿಸಿ, ರಾತ್ರಿ ಬಿಸಿ ಅನ್ನ ಸಾರು ಹಾಕಿ ಕರೆದುಕೊಂಡು ಬರುತ್ತಾರಂತೆ. ಇವರು ಒಪ್ಪಲಿಲ್ಲ.

"ಬೆಳಗ್ಗೆ ಒಂದು ದೇಶ, ಮಧ್ಯಾಹ್ನ ಒಂದು ದೇಶ. ಅದೇನು ಪ್ರವಾಸವಾ, ಜನಗಣತಿಯಾ? ನಾವು ರೈಲಲ್ಲೇ ಹೋಗೋದು."

"ರೀ, ನಿಮ್ಮ ಮೊಣಕಾಲಿಗೆ ಬಸ್ಸು ವಾಸಿ ಅಲ್ವೇನ್ರೀ?"

"ರೈಲು ಅಂದ್ರೆ ರೈಲು!"

ಮಗ್ಗ ಮಾರಿದ ಮೇಲೆ ಒಂದು ಸಲ ಮಂತ್ರಾಲಯಕ್ಕೆ ರೈಲಿನಲ್ಲಿ ಹೋಗಿಬಂದೆವು. ಅಲ್ಲಿಂದ ಮೊದಲಾಯಿತು ನೋಡಿ ಈ ರೈಲಿನ ಹುಚ್ಚು. ರಾಯರ ದರ್ಶನದಿಂದ ಎಲ್ಲರಿಗೂ ಒಳ್ಳೆಯ ಬುದ್ಧಿ ಬರುತ್ತದೆ, ನಮ್ಮವರಿಗೆ ರೈಲು ಬಂತು.

ಸರಿ, ರೈಲಾದರೂ ಆಗಲಿ ಎಂದು ಮಗಳ ಕೈಗೆ ಒಪ್ಪಿಸಿದೆ. ಅವಳು ದೇವನಹಳ್ಳಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ, ಸಿಟ್ಟಿನ ಗಿರಾಕಿಗಳನ್ನು ಸಂಭಾಳಿಸಿ ಅಭ್ಯಾಸವಿದೆ. ಭಾನುವಾರ ಬಂದು ಕೂತು ಪ್ಯಾರಿಸ್ಸಿನಿಂದ ಒಂದು ಚೆಂದದ ರೈಲು ತೆಗೆದಳು. ಬಾಣದ ಹಾಗೆ ಹೋಗುತ್ತದಂತೆ, ಮೇಜಿನ ಮೇಲಿಟ್ಟ ಲೋಟದ ನೀರು ಅಲುಗುವುದಿಲ್ಲವಂತೆ.

ಇವರು ಕನ್ನಡಕ ಏರಿಸಿ ಕೇಳಿದ ಪ್ರಶ್ನೆ ಒಂದೇ: "ಸದ್ದು ಮಾಡುತ್ತಾ?"

"ಇಲ್ಲಪ್ಪಾ, ಒಂಚೂರೂ ಸದ್ದಿಲ್ಲ!" ಎಂದಳು ಪಾಪ, ಹೆಮ್ಮೆಯಿಂದ.

"ಹಂಗಾದ್ರೆ ಬೇಡ."

ಮಗಳು ನನ್ನ ಮುಖ ನೋಡಿದಳು. ನಾನು ದೇವರ ಪಟ ನೋಡಿದೆ. ಅವಳು ಸ್ವಿಟ್ಜರ್‌ಲ್ಯಾಂಡಿನ ರೈಲು ತೋರಿಸಿದಳು, ಗಾಜಿನ ಮಾಡು, ಎರಡೂ ಕಡೆ ಬೆಟ್ಟ. "ಸದ್ದು ಮಾಡುತ್ತಾ?" ಇಟಲಿಯದು ತೋರಿಸಿದಳು. "ಸದ್ದು?" ಕೆಲವು ರೈಲಿನಲ್ಲಿ ಮಾತೇ ಆಡಬಾರದ ಬೋಗಿಯೂ ಇರುತ್ತದೆ, ಫೋನು ಕೂಡ ಬಡಿದುಕೊಳ್ಳುವಂತಿಲ್ಲ ಎಂದು ಬಾಯಿತಪ್ಪಿ ಹೇಳಿದಳು. ಇವರು ಬೆಚ್ಚಿಬಿದ್ದರು.

"ದುಡ್ಡು ಕೊಟ್ಟು ಹೋಗಿ ಬಾಯ್ಮುಚ್ಕೊಂಡು ಕೂತ್ಕೋಬೇಕಾ? ಅದೇನು ರೈಲಾ, ಐಸಿಯೂನಾ?"

ಕೊನೆಗೆ ಯಾವುದೋ ಹಳೆಯ ಕಾಲದ ರಾತ್ರಿ ರೈಲನ್ನು ಇವರೇ ಹುಡುಕಿ ತೆಗೆದರು. ಹತ್ತಿದವರೆಲ್ಲ ಅದಕ್ಕೆ ಶಾಪ ಹಾಕಿದ್ದರು. ಗಡಗಡ ಅಂತ ಜೀವ ಹೋಗುತ್ತದೆ, ಕುಲುಕಾಟ, ಮಲಗುವವರು ಹತ್ತಬೇಡಿ ಎಂದು ಬರೆದಿದ್ದರು. ಮಗಳು ಅದನ್ನು ಓದಿ ಹೇಳುತ್ತಿದ್ದರೆ ನಮ್ಮವರ ಮುಖ ಅರಳುತ್ತಿತ್ತು. "ಇದು! ಇದು ರೈಲು ಅಂದ್ರೆ!" ನನಗೋ ಕಣ್ಣಲ್ಲಿ ನೀರು. ಮನೆಯಲ್ಲಂತೂ ನಿದ್ದೆಯಿಲ್ಲ, ಅಷ್ಟು ದೂರ ಹೋಗಿಯೂ ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಕುಲುಕಿಸಿಕೊಳ್ಳಬೇಕೇ? ಯಾವ ಜನ್ಮದ ಕರ್ಮವೋ!

ಇದರ ಮೇಲೆ ಅಭ್ಯಾಸ ಬೇರೆ. ಅಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಇಳಿಯುವುದರಲ್ಲಿ ತಪ್ಪಿದರೆ ಗತಿಯೇನು ಎಂದು ಇವರ ಚಿಂತೆ. ದಿನಾ ಸಂಜೆ ಎರಡು ಸೂಟ್‌ಕೇಸು ಹಿಡಿಸಿ ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಕರೆದೊಯ್ಯಲು ಶುರುಮಾಡಿದರು. ಯಾರೂ ಕೇಳದಿದ್ದರೂ ಪ್ಲಾಟ್‌ಫಾರಂ ಟಿಕೆಟ್ ತೆಗೆಯುವ ಪ್ರಾಣಿ ಇದು! ರೈಲು ಬಂದು ನಿಂತಾಗ ನಾನು ಸೂಟ್‌ಕೇಸು ಎತ್ತಿ ಬಾಗಿಲವರೆಗೆ ಓಡಬೇಕು, ಹತ್ತಬಾರದು, ಮತ್ತೆ ವಾಪಸ್ಸು ಓಡಬೇಕು. ಕತ್ತಲಾದ ಮೇಲೆ ಸೂಟ್‌ಕೇಸು ಸಮೇತ ಮನೆಗೆ.

ಬೀದಿಯವರು ಸುಮ್ಮನಿರುತ್ತಾರೆಯೇ? "ದಿನಾ ಆಯಮ್ಮ ಪೆಟ್ಟಿಗೆ ಎತ್ಕೊಂಡು ಹೊರಡ್ತಾರೆ, ಯಜಮಾನ್ರು ಹಿಂದೆ ಹೋಗಿ ಸಮಾಧಾನ ಮಾಡಿ ಕರ್ಕೊಂಡು ಬರ್ತಾರೆ" ಎಂದು ಸುದ್ದಿ ಹುಟ್ಟಿತು. ಇವರು ರಸ್ತೆಯಲ್ಲಿ ಮೊಣಕಾಲು ಎಳೆಯುತ್ತ ಹಿಂದೆ ಬರುತ್ತ, "ನಿಲ್ಲೇ, ನನ್ನ ಬಿಟ್ಟೋಗ್ತೀಯಾ!" ಎಂದು ಕೂಗುವುದನ್ನು ಕೇಳಿದವರಿಗೆ ಅನುಮಾನವೇ ಉಳಿಯಲಿಲ್ಲ. ಸುದ್ದಿ ಕುಂದಾಣದ ನನ್ನ ತವರು ಮುಟ್ಟಿತು. ತಮ್ಮ ಬೈಕು ಹತ್ತಿ ಬಂದೇಬಿಟ್ಟ. ಬಾಗಿಲಲ್ಲೇ ಕೈಕಟ್ಟಿ ನಿಂತ.

"ಭಾವ, ಈ ವಯಸ್ಸಲ್ಲಿ ಇದೆಲ್ಲಾ ಚೆನ್ನಾಗಿರಲ್ಲ. ಏನೇ ಇದ್ರೂ ಕೂತು ಮಾತಾಡಿ ಬಗೆಹರಿಸ್ಕೊಳೋಣ."

"ಬಗೆಹರಿಯೋದೇನು ಬಂತಯ್ಯಾ? ನಿಮ್ಮಕ್ಕನಿಗೆ ಓಡೋಕೇ ಬರಲ್ಲ!" ಎಂದರು ಇವರು.

ತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ನಾನು ಎಲ್ಲ ಬಿಡಿಸಿ ಹೇಳಿದೆ. ಅವನು ತಲೆಯ ಮೇಲೆ ಕೈಹೊತ್ತು, "ಅಕ್ಕಾ, ಜಗಳಾನೇ ಆಗಿದ್ರೆ ವಾಸಿಯಿತ್ತು ಕಣೇ" ಎಂದ. ಆ ಸಂಜೆ ಅವನನ್ನೂ ಬಿಡಲಿಲ್ಲ. ಸ್ಟೇಷನ್ನಿನಲ್ಲಿ ಅವನನ್ನು ಅಡ್ಡ ನಿಲ್ಲಿಸಿ, ನುಗ್ಗಿ ಬರುವ ಯೂರೋಪಿನ ಜನ ಎಂದುಕೋ ಎಂದು ನನಗೆ ಹೇಳಿದರು. ಸೂಟ್‌ಕೇಸು ತಗುಲಿ ಅವನ ಕಾಲು ಊದಿಕೊಂಡಿತು.

ನನಗೆ ಸಾಕಾಯಿತು. ಮಗಳಿಗೂ ಸಾಕಾಯಿತು. "ಅಮ್ಮಾ, ಈ ಭಾನುವಾರದ ಒಳಗೆ ಯಾವ ರೈಲು ಅಂತ ಹೇಳಿದ್ರೆ ಬುಕ್ ಮಾಡ್ತೀನಿ. ಇಲ್ದಿದ್ರೆ ಈ ವರ್ಷ ಇಲ್ಲ" ಎಂದಳು. ಈ ವರ್ಷ ಇಲ್ಲದಿದ್ದರೆ ಮುಂದೆ ಮೊಣಕಾಲು ಇಲ್ಲ. ನಾನು ಸೆರಗು ಸಿಕ್ಕಿಸಿ ಇವರ ಮುಂದೆ ನಿಂತೆ.

"ಸದ್ದಿಲ್ಲದ ಒಳ್ಳೇ ರೈಲಾದ್ರೆ ಬರ್ತೀನಿ. ಇಲ್ಲಾಂದ್ರೆ ನಿಮ್ಮ ಗಡಗಡ ರೈಲಲ್ಲಿ ನೀವೊಬ್ರೇ ಹೋಗಿ. ಹಿಮದ ಬೆಟ್ಟಕ್ಕೆ ನನ್ನ ನಮಸ್ಕಾರ ಹೇಳಿಬಿಡಿ."

ಇವರು ಮೊಣಕಾಲು ನೀವಿಕೊಂಡರು. ಆಮೇಲೆ, "ಭಾನುವಾರ ಒಂದೇ ಒಂದು ಸಲ ನಿಜವಾದ ರೈಲಲ್ಲಿ ಹಿಂದೂಪುರಕ್ಕೆ ಹೋಗಿ ಇಳಿದು ಬರೋಣ. ಆಮೇಲೆ ನೀನು ಹೇಳಿದ್ದಕ್ಕೇ ಸೈ" ಎಂದರು.

ಭಾನುವಾರ ಹೊರಟೆವು. ಎರಡು ಸೂಟ್‌ಕೇಸು, ಅದರೊಳಗೆ ತೂಕಕ್ಕೆಂದು ಹಳೆಯ ಹೊದಿಕೆ, ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ. ಹಿಂದೂಪುರದಲ್ಲಿ ರೈಲು ನಿಲ್ಲುವಷ್ಟರಲ್ಲಿ ನಾವು ಬಾಗಿಲಲ್ಲಿರಬೇಕು, ನಿಂತ ಮರುಕ್ಷಣ ಇಳಿಯಬೇಕು ಎಂದು ದಾರಿಯುದ್ದಕ್ಕೂ ಪಾಠ ಹೇಳಿದರು. ಪ್ಯಾಸೆಂಜರ್ ರೈಲು ಗಡಗಡ ಎನ್ನುತ್ತ ಹೊರಟಿತು. ನಾನು ಕಿಟಕಿಗೆ ತಲೆಯಾನಿಸಿ ಕೂತೆ. ಮಾಕಳಿದುರ್ಗದ ಬೆಟ್ಟ ಬಂತು. ಅಲ್ಲಿಯವರೆಗೆ ನೆನಪಿದೆ.

ಯಾರದೋ ಚೀಲ ಕಾಲಿಗೆ ತಗುಲಿ ಎಚ್ಚರವಾಯಿತು. ಕಿವಿಯಲ್ಲಿ ಲಟಪಟ ಲಟಪಟ. ಒಂದು ಗಳಿಗೆ, ನಮ್ಮ ಮನೆಯಲ್ಲೇ ಇದ್ದೇನೆ, ಗೋಡೆಯಾಚೆ ಮಗ್ಗ ಓಡುತ್ತಿದೆ ಎಂದುಕೊಂಡೆ. ಕಣ್ಣು ಬಿಟ್ಟೆ. ರೈಲು ನಿಂತಿತ್ತು. ಜನ ಇಳಿಯುತ್ತಿದ್ದರು. ಹೊರಗಿನ ಬೋರ್ಡಿನಲ್ಲಿ ಧರ್ಮಾವರಂ ಎಂದಿತ್ತು. ಹಿಂದೂಪುರ ದಾಟಿ ಎಷ್ಟೋ ದೂರ ಬಂದುಬಿಟ್ಟಿದ್ದೆವು! ಎದುರು ಸೀಟಿನಲ್ಲಿ ನಮ್ಮ ಯಜಮಾನರು ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲೆ ಕವುಚಿ ಹಾಕಿಕೊಂಡು, ಚಮಚದಿಂದ ಅದರ ತಳಕ್ಕೆ ಬಡಿಯುತ್ತಿದ್ದರು. ಹಣೆಯಲ್ಲಿ ಬೆವರು.

ಪಕ್ಕದಲ್ಲಿದ್ದ ಮುದುಕಿ ಗಂಟು ಎತ್ತಿಕೊಳ್ಳುತ್ತ ನಕ್ಕಳು. "ಎದ್ರೇನಮ್ಮಾ? ರೈಲು ನಿಂತಾಗೆಲ್ಲಾ ನಿಮ್ಮೆಜಮಾನ್ರು ಹಿಂಗೇ ಬಡೀತಿದ್ರು. ರೈಲು ಹೊರಟ್ರೆ ಸುಮ್ಕಾಗೋರು. ಪಾಪ, ತಲೆ ಸರಿಯಿಲ್ವೇನೋ ಅಂದ್ಕೊಂಡ್ವಿ. ಟಿಕೆಟ್‌ನೋರು ಬಂದು, ನಿಮ್ದು ಹಿಂದೂಪುರಕ್ಕೇ ಮುಗೀತು, ಇಳೀಲಿಲ್ಲ ಅಂತ ದಂಡ ಹಾಕಿದ್ರು. ಅದನ್ನೂ ಒಂದು ಕೈಯಲ್ಲೇ ಕೊಟ್ರು. ಇನ್ನೊಂದು ಕೈ ಬಡೀತಾನೇ ಇತ್ತು."

ನಾನು ಇವರನ್ನು ನೋಡಿದೆ. ಇವರು ಡಬ್ಬಿ ನೋಡಿದರು.

"ಹಿಂದೂಪುರದಲ್ಲಿ ಯಾಕ್ರೀ ಇಳಿಸ್ಲಿಲ್ಲ?"

"ನಿದ್ದೆ ಬಂದಿತ್ತಲ್ಲೇ ನಿಂಗೆ" ಎಂದರು. ಮದುವೆಯಾದಾಗಿನಿಂದ ಮೊದಲ ಸಲ ಇವರ ದನಿ ನನಗೊಬ್ಬಳಿಗೇ ಕೇಳಿಸುವಷ್ಟು ಸಣ್ಣಗಿತ್ತು. "ಮಗ್ಗ ಮಾರಿದ್ಮೇಲೆ ನೀನು ಕಣ್ತುಂಬ ಮಲ್ಗಿದ್ದು ಮಂತ್ರಾಲಯದ ರೈಲಲ್ಲಿ ಒಂದ್ಸಲ, ಇವತ್ತೊಂದ್ಸಲ. ಅಷ್ಟು ದೂರ ಕರ್ಕೊಂಡು ಹೋಗಿ ಅಲ್ಲೂ ನೀನು ಸೂರು ನೋಡ್ತಾ ಮಲ್ಗಿದ್ರೆ ಏನು ಚೆಂದ? ಇದು ನಿಂತ್ರೆ ನಿಂಗೆ ಎಚ್ಚರ ಆಗ್ಬಿಡುತ್ತಲ್ಲ, ಅದಕ್ಕೇ..." ಎಂದು ಚಮಚ ತೋರಿಸಿದರು.

ಗೊರಕೆ ಹೊಡೆಯುತ್ತಾರೆಂದು ನಾನು ತಿಳಿದಿದ್ದ ಮನುಷ್ಯ ಎಷ್ಟು ರಾತ್ರಿ ನನ್ನ ಜೊತೆಗೇ ಎಚ್ಚರವಾಗಿ ಮಲಗಿದ್ದರೋ! ನನಗೆ ಅಳು ಬಂತು. ಧರ್ಮಾವರದ ಪ್ಲಾಟ್‌ಫಾರಮ್ಮಿನಲ್ಲಿ ಸೂಟ್‌ಕೇಸಿನ ಮೇಲೆ ಕೂತು ಅತ್ತೆ. ಇವರು ಗಾಬರಿಯಾಗಿ ಮತ್ತೆ ತಮ್ಮ ಹಳೆಯ ದನಿಯಲ್ಲಿ, "ಲೇ, ಅಳ್ಬೇಡ್ವೇ! ಸದ್ದಿಲ್ಲದ ರೈಲಲ್ಲೇ ಹೋಗೋಣ, ಆಯ್ತಲ್ಲ!" ಎಂದು ಕೂಗಿದರು. ಇಡೀ ಸ್ಟೇಷನ್ ತಿರುಗಿ ನೋಡಿತು.

ಅಷ್ಟರಲ್ಲಿ ಮಗಳ ಫೋನು. "ಅಮ್ಮಾ, ಇವತ್ತೇ ಕೊನೆ. ಯಾವುದಕ್ಕೆ ಬುಕ್ ಮಾಡ್ಲಿ?"

"ಆ ಗಡಗಡ ರೈಲಿಗೇ ಮಾಡು" ಎಂದೆ.

ನಾವು ಹೊರಡಲು ಇನ್ನೂ ಕೆಲವು ವಾರಗಳಿವೆ. ಆ ರೈಲು ಜನ ಬೈದಷ್ಟು ಸದ್ದು ಮಾಡುತ್ತದೋ ಇಲ್ಲವೋ, ಯಾರಿಗೆ ಗೊತ್ತು. ಇವರಿಗೆ ಹೇಳದೆ, ನನ್ನ ಸೂಟ್‌ಕೇಸಿನ ಬಟ್ಟೆಗಳ ನಡುವೆ ಆ ಡಬ್ಬಿಯನ್ನೂ ಚಮಚವನ್ನೂ ಇಟ್ಟಿದ್ದೇನೆ.