ಇಂದ, ಗೆ ಮತ್ತು ನನ್ನ ಬ್ಯಾಕಪ್ಪು

ಕನ್ನಡ ಮೇಷ್ಟ್ರಾಗಿದ್ದುಕೊಂಡು ವಿಭಕ್ತಿ ಪ್ರತ್ಯಯದ ದೆಸೆಯಿಂದ ಸ್ವಂತ ಮನೆಯಲ್ಲೇ ಮುಖ ತೋರಿಸಲಾಗದವನು ಈ ಹೊಸಪೇಟೆಯಲ್ಲಿ ನಾನೊಬ್ಬನೇ ಇರಬೇಕು. ಬೈಸಿಕೊಂಡಾಗ ಆಗುವ ನಾಚಿಕೆ ನನಗೆ ಹೊಸದೇನಲ್ಲ, ಒಂದು ಚಹಾ ಕುಡಿಯುವಷ್ಟರಲ್ಲಿ ಇಳಿದುಹೋಗುತ್ತದೆ. ಆದರೆ ಬೈಯಲೇಬೇಕಾದವರು ಬೈಯದೆ ಸುಮ್ಮನಿದ್ದುಬಿಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು ಹೇಳಿ?

ಚಿತ್ತವಾಡ್ಗಿ ಬಡಾವಣೆಯ ನಮ್ಮ ಮನೆಯಲ್ಲೊಂದು ಹಳೇ ಕಂಪ್ಯೂಟರಿದೆ. ಅದರಲ್ಲಿರುವುದು ನಾನೇ ಕೈಯಾರೆ ಹಾಕಿಕೊಂಡ ಲಿನಕ್ಸ್. ಯಾರ ಹಂಗೂ ಇಲ್ಲದ ಮುಕ್ತ ತಂತ್ರಾಂಶ ಎಂದು ಸ್ಟಾಫ್ ರೂಮಿನಲ್ಲಿ ನಾನು ಕೊರೆದದ್ದೆಷ್ಟೋ. ನನ್ನನ್ನು ಕಂಡರೆ ಡ್ರಿಲ್ ಮೇಷ್ಟ್ರು ಬೆಲ್ ಹೊಡೆಯುವ ಮೊದಲೇ ಮೈದಾನಕ್ಕೆ ಓಡುತ್ತಿದ್ದರು. ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿ ಶಾರದಾ ಕಂಪ್ಲಿಯ ತವರಿಗೆ ಹೋಗಿ, ತನ್ನ ಅವ್ವನಿಂದ ಹದಿನಾಲ್ಕು ಪದ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಳು. ಸೋಬಾನೆಯವು, ಭತ್ತ ನಾಟಿ ಮಾಡುವಾಗಿನವು, ಬೀಸುವ ಕಲ್ಲಿನವು. ಅತ್ತೆಗೆ ಆಗಲೇ ಮರೆವು ಶುರುವಾಗಿತ್ತು. ಶಾರದಾ ಅವಸರ ಮಾಡಿ ಹಾಡಿಸಿಕೊಂಡದ್ದಕ್ಕೆ ಅದೇ ಕಾರಣ. ಫೋನು ತುಂಬಿಹೋಗಿದೆ ಎಂದು ನಾನೇ ಮುಂದೆ ಬಿದ್ದು ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿ, ಫೋನಿನಲ್ಲಿದ್ದದ್ದನ್ನು ಅಳಿಸಿದೆ. ಹೀಗೆ ಅತ್ತೆಯ ದನಿ ಇಡೀ ಲೋಕದಲ್ಲಿ ಒಂದೇ ಕಡೆ ಉಳಿಯಿತು, ಅದೂ ನನ್ನ ಸುಪರ್ದಿಯಲ್ಲಿ.

"ರೀ, ಇನ್ನೊಂದ್ ಕಾಪಿ ಮಾಡಿ ಇಡ್ರಿ. ಒಂದು ಪೆನ್‌ಡ್ರೈವ್‌ಗೆ ಹಾಕಿದ್ರ ಮುಗೀತಲ್ಲ?" ಎಂದಳು ಶಾರದಾ.

"ಹಂಗೆಲ್ಲ ಮಾಡಾಕ ಬರಲ್ಲ. ಅದಕ್ಕೂ ಒಂದು ಪದ್ಧತಿ ಅಂತ ಇರತೈತಿ" ಎಂದೆ.

ಆ ಪದ್ಧತಿಯನ್ನು ಆರಿಸಲು ನನಗೆ ಮೂರು ತಿಂಗಳು ಹಿಡಿಯಿತು. ಪೆನ್‌ಡ್ರೈವು ಕಳೆದುಹೋಗುತ್ತದೆ. ಅಂತರ್ಜಾಲದಲ್ಲಿ ಇಟ್ಟರೆ ಕಂಡವರ ಕಪಾಟಿನಲ್ಲಿ ನಮ್ಮ ಒಡವೆ ಇಟ್ಟಂತೆ. ಬಟನ್ ಒತ್ತಿದರೆ ತಾನೇ ಕಾಪಿ ಮಾಡುವ ತಂತ್ರಾಂಶವೊಂದಿತ್ತು, ಬಿಟ್ಟಿಯಾಗಿಯೇ ಸಿಗುತ್ತಿತ್ತು. ಆದರೆ ಬಟನ್ ಒತ್ತುವುದರಲ್ಲಿ ನನ್ನ ಪಾಂಡಿತ್ಯ ಕಾಣುವುದಾದರೂ ಹೇಗೆ? ಮದುವೆಗೆ ಹೆಣ್ಣು ನೋಡುವಾಗಲೂ ನಾನು ಇಷ್ಟು ಚೌಕಾಸಿ ಮಾಡಿರಲಿಲ್ಲ. ಕೊನೆಗೆ ಹೊಸ ಡಿಸ್ಕೊಂದನ್ನು ತಂದು, ಒಂದೇ ಸಾಲಿನ ಆಜ್ಞೆಯನ್ನು ಕೈಯಿಂದಲೇ ಬರೆದು ಕೊಡುವುದೆಂದು ತೀರ್ಮಾನಿಸಿದೆ. ಎರಡು ಕಡೆಯೂ ತದ್ರೂಪು ಒಂದೇ ಆಗಿರಬೇಕು, ಮೂಲದಲ್ಲಿ ಇಲ್ಲದ್ದು ನಕಲಿನಲ್ಲಿದ್ದರೆ ಅದನ್ನು ಅಳಿಸಿಹಾಕಬೇಕು ಎಂಬ ಕಟ್ಟುನಿಟ್ಟಿನ ಆಜ್ಞೆ ಅದು.

ಎಡವಟ್ಟಾದದ್ದು ಇಲ್ಲಿಯೇ. ತರಗತಿಯಲ್ಲಿ ನಾನು ಎಷ್ಟೋ ವರ್ಷದಿಂದ ಎದೆ ಸೆಟೆಸಿ ಹೇಳಿಕೊಂಡು ಬಂದ ಮಾತೊಂದಿದೆ: "ಸಂಡೂರಿನಿಂದ ಹಂಪಿಗೆ ಹೋದ ಅನ್ನಿ, ಹಂಪಿಗೆ ಸಂಡೂರಿನಿಂದ ಹೋದ ಅನ್ನಿ, ಅಂವ ಇಳಿಯೋದು ಹಂಪಿಯಾಗ. ಯಾಕ? ನಮ್ಮಲ್ಲಿ ಇಂದ ಐತಿ, ಗೆ ಐತಿ!" ಆ ಆಜ್ಞೆಯಲ್ಲಿ ಇಂದ ಇಲ್ಲ, ಗೆ ಇಲ್ಲ. ಮೊದಲು ಬರೆದದ್ದೇ ಮೂಲ, ಆಮೇಲೆ ಬರೆದದ್ದೇ ನಕಲು. ನಾನೋ ಬಾಯಲ್ಲಿ "ಹೊಸ ಡಿಸ್ಕಿಗೆ ಕಂಪ್ಯೂಟರಿನಿಂದ" ಎಂದು ಕನ್ನಡದಲ್ಲಿ ಗುನುಗಿಕೊಳ್ಳುತ್ತ ಅದೇ ಕ್ರಮದಲ್ಲಿ ಟೈಪು ಮಾಡಿದೆ. ಖಾಲಿ ಡಿಸ್ಕು ಮೂಲವಾಯಿತು, ಪದಗಳಿದ್ದ ಕಂಪ್ಯೂಟರು ನಕಲಾಯಿತು. ಕಂಪ್ಯೂಟರು ಮರುಮಾತಿಲ್ಲದೆ, ಎರಡು ಕಡೆಯೂ ತದ್ರೂಪು ಖಾಲಿ ಮಾಡಿಕೊಟ್ಟಿತು.

ಗಾಬರಿಯಲ್ಲಿ ಕಂಡ ಉಪಾಯವನ್ನೆಲ್ಲ ಮಾಡಿ ಇನ್ನಷ್ಟು ಕೆಡಿಸಿದೆ. ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯವನು ನೋಡಿ, "ಸರ್, ಅಳಿಸಿದ್ದರ ಮ್ಯಾಲೆ ಮತ್ತ ಏನೇನೋ ಬರೆದೀರಲ್ರಿ, ಇನ್ನ ಬರಂಗಿಲ್ಲ" ಎಂದ. ಆಮೇಲೆ ಮರ್ಯಾದೆಯಿಂದ, "ಮನಿಯಾಗ ಹುಡುಗ್ರು ಮುಟ್ಟಿದ್ರೇನ್ರಿ?" ಎಂದು ಕೇಳಿದ. "ಹೂಂ" ಎಂದುಬಿಟ್ಟೆ. ನಮಗೆ ಮಕ್ಕಳಿಲ್ಲ. ಥೂ ನನ್ನ!

ಶಾರದಾಗೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ. ಹಚ್ಚುತ್ತಿದ್ದ ಬದನೆಕಾಯಿಯನ್ನು ಪೂರಾ ಹಚ್ಚಿ ಮುಗಿಸಿ, "ಅವ್ವಗ ನೀವಾ ಹೇಳ್ರಿ" ಎಂದಳು. ಅಷ್ಟೇ. ಮರುದಿನ ಕಂಪ್ಲಿಯ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನಾನು ಕಂಡಕ್ಟರನಿಗೆ "ಎರಡು ಕಂಪ್ಲಿ" ಎನ್ನಲೂ ತೊದಲಿದೆ.

ಅತ್ತೆ ಎಲ್ಲ ಕೇಳಿ ನಕ್ಕುಬಿಟ್ಟರು. "ಅಯ್ಯ, ಅದಕ್ಯಾಕ ಮಾರಿ ಸಣ್ಣದ್ ಮಾಡ್ಕೊಂಡೀರಿ ಮಾಸ್ತರ್ರ? ಕುಂದ್ರಿ. ಇನ್ನೊಮ್ಮಿ ಹಾಡಿದ್ರಾತು."

ಹಾಡಿದರು. ನಡುನಡುವೆ ನಿಂತು, ನೀರು ಕುಡಿದು, ಹದಿಮೂರು ಪದ ಹಾಡಿದರು. ಹದಿನಾಲ್ಕನೆಯದು ಬರಲಿಲ್ಲ. ಶಾರದಾ ತೊಟ್ಟಿಲಲ್ಲಿದ್ದಾಗ ಅವಳಿಗಾಗಿ ಅತ್ತೆ ತಾವೇ ಕಟ್ಟಿದ ಪದ ಅದು. ಬೇರೆ ಯಾರೂ ಹಾಡಿದ್ದಲ್ಲ, ಊರಲ್ಲಿ ಇನ್ನೊಬ್ಬರನ್ನು ಕೇಳಿ ಬರೆದುಕೊಳ್ಳುವಂಥದ್ದೂ ಅಲ್ಲ. ಶಾರದಾ ಧಾಟಿಯನ್ನು ಗುನುಗಿ ತೋರಿಸಿದಳು. ಮಾತು ಅವಳಿಗೂ ನೆನಪಿರಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು ತುಟಿ ಆಡಿಸಿದರು. "ಬಂದಂಗಾಗ್ತೈತಿ, ಬರವಲ್ದು" ಎಂದರು.

ಆಮೇಲೆ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು. ಮುಖದಲ್ಲಿ ಎಂಥ ಭರವಸೆ ಅಂತೀರಿ! "ನೀವು ಹೇಳ್ರಿ ಮಾಸ್ತರ್ರ. ಮೂರು ತಿಂಗ್ಳು ಅದನ್ನ ಹೆಂಗ ಕಾಯಬೇಕಂತ ತಲಿ ಕೆಡಿಸಿಕೊಂಡೋರು ನೀವು. ಎಷ್ಟ್ ಸಲ ಕೇಳೀರೋ ಏನೋ. ಒಂದ್ ಸಾಲರ ನೆನಪಿರತೈತಲ್ಲ?"

ಶಾರದಾ ಕೂಡ ನನ್ನನ್ನೇ ನೋಡಿದಳು. ಎರಡು ದಿನದಲ್ಲಿ ಮೊದಲ ಸಲ.

ಒಂದು ಸಲವೂ ಕೇಳಿರಲಿಲ್ಲ. ಆ ಹದಿನಾಲ್ಕರಲ್ಲಿ ಒಂದನ್ನೂ ನಾನು ತೆರೆದು ಕೇಳಿರಲಿಲ್ಲ. ಆದರೂ ಏನಾದರೂ ಹೇಳಬೇಕಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಕಂಪ್ಯೂಟರಿನ ಪಟ್ಟಿಯಲ್ಲಿ ಆ ಪದದ ಎದುರಿಗಿದ್ದ ಅಂಕಿ. ಅದನ್ನೇ ಹೇಳಿದೆ: "ನಾಕು ನಿಮಿಷ ಹನ್ನೆರಡು ಸೆಕೆಂಡು ಇತ್ತು, ಅತ್ತೀ."

ಅತ್ತೆ ಮಗಳ ಕಡೆ ತಿರುಗಿದರು. "ಹೌದೇನು? ಅಷ್ಟುದ್ದ ಕಟ್ಟಿದ್ನೇನ್ ನಿನಗ?" ಎಂದರು, ಭಾಳ ಖುಷಿಯಿಂದ.