ಹಾಲಿನ ಪುಡಿ ಡಬ್ಬಿಯಲ್ಲಿ ಬಂದ ಇಂಜೆಕ್ಷನ್

ಹೆದರುವುದಕ್ಕೆ ಅಭ್ಯಾಸವೇನೂ ಬೇಡ, ಅದು ಹುಟ್ಟಿನಿಂದಲೇ ಬರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಶುದ್ಧ ತಪ್ಪು. ನಾನು ಈ ವಿದ್ಯೆಯನ್ನು ವರ್ಷಗಟ್ಟಲೆ ಬೆವರು ಸುರಿಸಿ ಸಂಪಾದಿಸಿದವನು. ಬಸ್ಸು ಹತ್ತುವ ಮೊದಲು ಡ್ರೈವರನ ಮುಖ ನೋಡುತ್ತೇನೆ. ಬಿ.ಸಿ.ರೋಡಿನಿಂದ ಬೆಳ್ತಂಗಡಿಯ ಕಡೆಗೆ ಹೊರಡುವ ಖಾಸಗಿ ಬಸ್ಸುಗಳ ಪೈಪೋಟಿ ಕಂಡವರು ಇದನ್ನು ತಮಾಷೆ ಎನ್ನಲಾರರು. ಶಾಲೆಯಲ್ಲಿ ಚುಚ್ಚುಮದ್ದು ಕೊಡುವ ದಿನ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಕೆಲಸ ನನ್ನದು. ಒಂದು ಸಲ ಒಬ್ಬ ಹುಡುಗಿಯ ತೋಳಿಗೆ ಸೂಜಿ ಇಳಿಯುವಾಗ ಕೆಳಗೆ ಬಿದ್ದದ್ದು ನಾನು. ಆ ಹುಡುಗಿಯೇ ನನಗೆ ನೀರು ತಂದುಕೊಟ್ಟಳು. ಇಂಥವನಿಗೆ ದೇವರು ಓಡುವ ಹೆಂಡತಿಯನ್ನು ಕೊಟ್ಟ.

ಪುಂಜಾಲಕಟ್ಟೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಹೇಳುತ್ತಿದ್ದೆ, ವಾರಿಜ ಸೀಟಿ ಊದುತ್ತಿದ್ದಳು. ಅವಳು ದೈಹಿಕ ಶಿಕ್ಷಣದ ಟೀಚರು. ಮೊಬೈಲು ಆಗಷ್ಟೇ ಎಲ್ಲರ ಕಿಸೆಗೆ ಬಂದಿದ್ದ ಕಾಲ. ಮೂಡಬಿದ್ರೆಯಲ್ಲಿ ಹಿರಿಯರ ಕ್ರೀಡಾಕೂಟ ನಡೆಯುವುದಿತ್ತು. ಹಿಂದಿನ ವರ್ಷ ಐದು ಸಾವಿರ ಮೀಟರ್ ಓಟದಲ್ಲಿ ಮೂಲ್ಕಿಯ ಒಬ್ಬ ಹೆಂಗಸು ಕೊನೆಯ ಸುತ್ತಿನಲ್ಲಿ ವಾರಿಜಳನ್ನು ಹಿಂದೆ ಹಾಕಿ ಹೋಗಿದ್ದಳು. ಹೋಗುವಾಗ ಸಣ್ಣಗೆ ನಕ್ಕಳಂತೆ. ಆ ನಗು ನಮ್ಮ ಮನೆಯಲ್ಲಿ ವರ್ಷವಿಡೀ ಬಿಡಾರ ಹೂಡಿತ್ತು. ವಾರಿಜ ಬೆಳಿಗ್ಗೆ ಓಡಿದಳು, ಸಂಜೆ ಓಡಿದಳು, ಆದಿತ್ಯವಾರ ಕಾರಿಂಜ ಗುಡ್ಡದ ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿದು ಮತ್ತೆ ಹತ್ತಿದಳು. ದೇವರಿಗೆ ಕೈಮುಗಿಯಲು ಮಾತ್ರ ಸಮಯ ಸಿಗಲಿಲ್ಲವಂತೆ.

ಬೇಸಿಗೆ ಬರುವಾಗ ಅವಳ ಶರೀರ ಮುಷ್ಕರ ಹೂಡಿತು. ಕಾಲು ಎತ್ತಿದರೆ ಏಳುವುದಿಲ್ಲ, ಊಟ ಸೇರುವುದಿಲ್ಲ, ಮಲಗಿದರೆ ನಿದ್ದೆ ಇಲ್ಲ. ಸುಮ್ಮನೆ ಕೂತಿದ್ದರೂ ಎದೆ ಢವಢವ ಎನ್ನುತ್ತದೆ. ಪುಂಜಾಲಕಟ್ಟೆಯ ನಮ್ಮ ಡಾಕ್ಟರು ರಕ್ತ ಪರೀಕ್ಷೆ, ಇಸಿಜಿ ಎಲ್ಲ ಮಾಡಿಸಿ, "ಎಂತದೂ ರೋಗ ಇಲ್ಲ. ಅಭ್ಯಾಸ ಜಾಸ್ತಿ ಆದದ್ದು. ವಿಶ್ರಾಂತಿಯೇ ಮದ್ದು" ಎಂದರು. ವಿಶ್ರಾಂತಿ ಎಂಬ ಶಬ್ದ ಕೇಳಿ ವಾರಿಜ ಮುಖ ಗಂಟಿಕ್ಕಿದಳು. ನನಗೋ ರೋಗ ಇಲ್ಲ ಎಂದದ್ದಕ್ಕೇ ಭಯವಾಯಿತು. ಇದ್ದರೆ ಹೆಸರಾದರೂ ಇರುತ್ತಿತ್ತು.

ಶಾರ್ಜಾದಲ್ಲಿರುವ ಅವಳ ತಮ್ಮ ಪ್ರವೀಣ ಫೋನಿನಲ್ಲಿ ಇದಕ್ಕೆ ಪರಿಹಾರ ಹೇಳಿದ. ಅವನು ಹೋಗುವ ಜಿಮ್ಮಿನಲ್ಲಿ ಹೀಗೆ ಸುಸ್ತಾದವರು ಪೆಪ್ಟೈಡ್ ಎಂಬ ಇಂಜೆಕ್ಷನ್ ತೆಗೆದುಕೊಳ್ಳುತ್ತಾರಂತೆ. ಬಿಳಿ ಪುಡಿ, ನೀರು ಬೆರೆಸಿ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರೆ ಸ್ನಾಯುಗಳೆಲ್ಲ ರಿಪೇರಿ.

"ಹೆದ್ರುವಂಥದ್ದು ಎಂತದೂ ಇಲ್ಲ ಬಾವ" ಎಂದ ನನಗೆ. "ಪ್ರೋಟೀನಿನ ಸಣ್ಣ ತುಂಡು ಅಷ್ಟೆ. ನಮ್ಮ ಬಾಡಿಯಲ್ಲೇ ಉಂಟು ಅದು."

"ಬಾಡಿಯಲ್ಲೇ ಉಂಟಾದ್ರೆ ಶಾರ್ಜಾದಿಂದ ಯಾಕೆ ಬರ್ಬೇಕು ಮಾರಾಯ?" ಎಂದೆ.

ಅವನು ಅಕ್ಕನಿಗೆ ಫೋನು ಕೊಡಲು ಹೇಳಿದ. ಮದ್ದು ಶುರುವಾಗುವವರೆಗೆ ಒಂದು ಹೆಜ್ಜೆಯೂ ಓಡಬಾರದು ಎಂದು ಅವಳಿಗೆ ತಾಕೀತು ಮಾಡಿದ. ಡಾಕ್ಟರ ಮಾತಿಗೆ ಮುಖ ಗಂಟಿಕ್ಕಿದವಳು ಶಾರ್ಜಾದ ಮಾತಿಗೆ ತಲೆಯಾಡಿಸಿದಳು. ಚುಚ್ಚಿಕೊಡಿ ಎಂದು ಕೇಳಲು ಹೋದರೆ ಡಾಕ್ಟರು, "ನನಗೆ ಗೊತ್ತಿಲ್ಲದ ಮದ್ದು ನಾನು ಚುಚ್ಚುವುದಿಲ್ಲ, ನೀವೂ ಚುಚ್ಚಬೇಡಿ" ಎಂದು ಕೈಮುಗಿದರು. ಮನೆಗೆ ಬಂದ ವಾರಿಜ ಸಮಾಧಾನದಿಂದ ನನ್ನನ್ನು ನೋಡಿ ಹೇಳಿದಳು: "ನೀವು ಉಂಟಲ್ಲ. ನೀವು ಚುಚ್ಚಿದ್ರೆ ಆಯ್ತು."

ಅವತ್ತಿನಿಂದ ನನ್ನ ನಿಜವಾದ ತರಬೇತಿ ಆರಂಭವಾಯಿತು. ಸೂಜಿಯ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ, ನನ್ನ ಕೈಯಾರೆ ಚುಚ್ಚಿದ ಮೇಲೆ ಇವಳಿಗೆ ಏನಾದರೂ ಆದರೆ ಎಂಬುದು. ಈ ಹೆಂಗಸು ಇಲ್ಲದ ಮನೆಯನ್ನು ಒಂದು ಗಳಿಗೆ ಕಲ್ಪಿಸಿಕೊಂಡೆ. ಆಮೇಲೆ ಕಲ್ಪಿಸಿಕೊಳ್ಳುವುದನ್ನು ನಿಲ್ಲಿಸಲು ಆಗಲಿಲ್ಲ. ಬೆಳಗಾಗುವ ಮುಂಚೆ ಎದ್ದು, ಮಲಗಿದ್ದ ಅವಳ ಮಣಿಕಟ್ಟನ್ನು ಮೆಲ್ಲನೆ ಹಿಡಿದು ನಾಡಿ ಎಣಿಸುತ್ತಿದ್ದೆ. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದೆ. ಬದನೆಕಾಯಿಗೆ ಸಿರಿಂಜಿನಿಂದ ನೀರು ಚುಚ್ಚಿ ಅಭ್ಯಾಸ ಮಾಡಹೋದೆ. ಬದನೆಗೇನೂ ಆಗಲಿಲ್ಲ, ನಾನು ಸ್ವಲ್ಪ ಹೊತ್ತು ಅಡುಗೆಮನೆಯ ನೆಲದಲ್ಲಿ ಕೂರಬೇಕಾಯಿತು.

ಮದ್ದು ತರುವವರು ಬಿ.ಸಿ.ರೋಡಿನ ಹಮೀದಾಕ. ಶಾರ್ಜಾದಲ್ಲಿ ಪ್ರವೀಣನ ಕಟ್ಟಡದಲ್ಲೇ ಇರುವ ಹಿರಿಯರು, ರಜೆಯಲ್ಲಿ ಊರಿಗೆ ಬರುವವರು. ಇಂಜೆಕ್ಷನ್ ಎಂದರೆ ಹಿಂದೇಟು ಹಾಕಿಯಾರು ಎಂದು ಪ್ರವೀಣ ಅವರಿಗೆ ಹೇಳಲೇ ಇಲ್ಲ. ಸೀಸೆಗಳನ್ನು ಐಸಿನ ಚೀಲದ ಸಮೇತ ಹಾಲಿನ ಪುಡಿಯ ಖಾಲಿ ಡಬ್ಬಿಯೊಳಗಿಟ್ಟು, ಟೇಪು ಸುತ್ತಿ, ಅದರ ಮೇಲೆ ವಾರಿಜಳ ಹೆಸರು ಬರೆದು ಕೊಟ್ಟುಬಿಟ್ಟ. ಅದೇ ಸಂಜೆ ಮನೆಗೆ ಮುಟ್ಟುತ್ತದೆ, ಫ್ರಿಜ್ಜಿಗೆ ಹೋಗುತ್ತದೆ ಎಂದು ಅವನ ಲೆಕ್ಕ. ಶಾರ್ಜಾ ಸೇರಿದ ಮೇಲೆ ಅವನು ಊರಿನ ರಿವಾಜು ಮರೆತಿದ್ದ.

ನಮ್ಮಲ್ಲಿ ಗಲ್ಫಿನ ಪಾರ್ಸೆಲ್ಲು ಅಂಚೆಯಂತೆ ಬಂದು ಬೀಳುವುದಿಲ್ಲ. ತಂದವರು ಖುದ್ದಾಗಿ ಮನೆಗೆ ಬರಬೇಕು, ಕೂರಬೇಕು, ಮಗ ದಪ್ಪಗಾಗಿದ್ದಾನೋ ಸಪೂರವಾಗಿದ್ದಾನೋ ಎಂದು ತಾಯಿಗೆ ವರದಿ ಒಪ್ಪಿಸಬೇಕು, ಉಂಡೇ ಏಳಬೇಕು. ಬಾಗಿಲಲ್ಲಿ ಕೊಟ್ಟು ಹೋದರೆ ಎರಡೂ ಕಡೆಗೆ ಅವಮಾನ. ಹಮೀದಾಕ ಮರ್ಯಾದಸ್ಥರು. ಹತ್ತಾರು ಮನೆಗಳ ಪಾರ್ಸೆಲ್ಲನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು, ದಿನಕ್ಕೊಂದು ಊಟದಂತೆ ಬಂಟ್ವಾಳದಿಂದ ನಾರಾವಿಯವರೆಗೆ ಸುತ್ತಿ, ಎಪ್ರಿಲ್ ತಿಂಗಳ ಆ ಬಿಸಿಲಿನಲ್ಲಿ ಕೊನೆಗೆ ನಮ್ಮಲ್ಲಿಗೆ ಬಂದರು.

ಬಂಗುಡೆ ಮೀನಿನ ಗಸಿಯಲ್ಲಿ ಊಟ ಮುಗಿಸಿ ಡಬ್ಬಿ ಮುಂದಿಟ್ಟರು. ವಾರಿಜ ಟೇಪು ಬಿಚ್ಚಿದಳು. ಐಸಿನ ಚೀಲ ಬೆಚ್ಚಗಿತ್ತು. ಸೀಸೆ ಕಂಡ ಹಮೀದಾಕರ ಮುಖ ಬಿಳುಚಿತು.

"ಇದೆಂತ ಟೀಚರ್? ಹಾಲಿನ ಪುಡಿ ಅಲ್ವಾ?"

"ಇಂಜೆಕ್ಷನ್" ಎಂದಳು ವಾರಿಜ.

"ಅಲ್ಲ ಮಾಸ್ಟ್ರೇ, ಏರ್‌ಪೋರ್ಟಲ್ಲಿ ಹಿಡಿದು ಕೇಳಿದ್ರೆ ನಾನು ಎಂತ ಹೇಳ್ಬೇಕಿತ್ತು? ನನಗೆ ಮೂರು ಹೆಣ್ಣು ಮಕ್ಕಳುಂಟು." ಅವರು ಡಬ್ಬಿಯನ್ನು ತಮ್ಮಿಂದ ದೂರ ಸರಿಸಿದರು. ನೀರು ಕೊಟ್ಟೆ. ಪ್ರವೀಣನ ಮೇಲೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ನನ್ನಷ್ಟೇ ಹೆದರಿದ ಇನ್ನೊಬ್ಬ ಮನುಷ್ಯ ಪಕ್ಕದಲ್ಲಿ ಕೂತದ್ದು ಹಿತವಾಗಿತ್ತು.

ಪ್ರವೀಣನಿಗೆ ಫೋನು ಹೋಯಿತು. ಅಕ್ಕನಿಂದ ಸರಿಯಾಗಿ ಬೈಸಿಕೊಂಡ ಮೇಲೆ ಅವನು, ಅಷ್ಟು ದಿನ ಬಿಸಿಗೆ ಬಿದ್ದದ್ದು ಇನ್ನು ಆಗಲಿಕ್ಕಿಲ್ಲ, ಬಿಸಾಡಿ ಎಂದ. ನಾನು ಮುಖದಲ್ಲಿ ದುಃಖ ತಂದುಕೊಳ್ಳಲು ಬಹಳ ಕಷ್ಟಪಟ್ಟೆ. ಹಮೀದಾಕರನ್ನು ಪಾಯಸ ತಿನ್ನದೆ ಏಳಲು ಬಿಡಲಿಲ್ಲ.

ಮರುದಿನ ವಾರಿಜ, ಇನ್ನೇನು ದಾರಿ ಎಂದು ಕೇಳಲು ಡಾಕ್ಟರ ಹತ್ತಿರ ಹೊರಟಳು. ನಾನೂ ಹೋದೆ. ಡಾಕ್ಟರು ಅವಳ ನಾಡಿ ಹಿಡಿದರು, ನಿದ್ದೆ ಕೇಳಿದರು, ಊಟ ಕೇಳಿದರು. ಎಲ್ಲ ನೆಟ್ಟಗಿತ್ತು. ಮದ್ದಿಗಾಗಿ ಕಾಯುತ್ತ ಅಷ್ಟು ದಿನ ಓಡದೆ ಕೂತಿದ್ದಳಲ್ಲ, ಶರೀರ ತನ್ನ ಕೆಲಸ ತಾನೇ ಮುಗಿಸಿತ್ತು. "ಇನ್ನು ಸ್ವಲ್ಪ ಸ್ವಲ್ಪ ಓಡಬಹುದು" ಎಂದರು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಮಾಸ್ಟ್ರೇ, ನೀವು ಯಾಕೆ ಹೀಗಾಗಿದ್ದೀರಿ? ಇಲ್ಲಿ ಬನ್ನಿ" ಎಂದರು ಡಾಕ್ಟರು. ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿ ಹುಬ್ಬೇರಿಸಿದರು. "ನಿದ್ದೆ?"

"ಇಲ್ಲ."

"ಊಟ?"

"ಸೇರುವುದಿಲ್ಲ. ಕಾಲೂ ಭಾರ."

"ಇದು ಟೀಚರಿಗಿದ್ದದ್ದೇ. ಅವರು ಓಡಿದ್ರು, ಸರಿ. ನೀವು ದಿನಾ ಎಂತ ಅಭ್ಯಾಸ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ವಾರಿಜ, "ಹೆದರುವುದು, ಡಾಕ್ಟ್ರೇ. ಬೆಳಿಗ್ಗೆ ನನ್ನ ಕೈ ಹಿಡಿದು ಶುರು ಮಾಡ್ತಾರೆ" ಎಂದಳು. ಅಷ್ಟೂ ದಿನ ನಾನು ನಾಡಿ ಎಣಿಸುವಾಗ ಅವಳು ಎಚ್ಚರವಾಗಿಯೇ ಮಲಗಿದ್ದಳು.

ಡಾಕ್ಟರು ನನಗೂ ಸಂಪೂರ್ಣ ವಿಶ್ರಾಂತಿ ಬರೆದರು. ಕೆಲವು ದಿನ ಯಾವುದಕ್ಕೂ ಹೆದರಬಾರದು, ಆಮೇಲೆ ಬೇಕಾದರೆ ಸ್ವಲ್ಪ ಸ್ವಲ್ಪ ಹೆದರಬಹುದು ಎಂದರು. ವಾರಿಜ ಮೂಡಬಿದ್ರೆಯ ಓಟಕ್ಕೆ ಮತ್ತೆ ತಯಾರಾಗತೊಡಗಿದಳು. ಅವತ್ತಿನಿಂದ ಇವತ್ತಿನವರೆಗೂ ಬೆಳಿಗ್ಗೆ ಓಡಲು ಹೊರಡುವ ಮುಂಚೆ ಅವಳೇ ನನ್ನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾಳೆ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿ, ಎಷ್ಟು ಬಂತೋ ಎಂದು ಹೆದರುತ್ತ ಮಲಗಿರುತ್ತೇನೆ.