ಮಾರ್ಗರೆಟ್ ಎತ್ತಿದ ಬೆರಳು

ಅನಂತನ ಎಡಗೈ ಮಣಿಕಟ್ಟಿಗೆ ಏನೂ ಆಗಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಶನಿವಾರ ಮಧ್ಯಾಹ್ನ ಮಾರಿಸ್‌ವಿಲ್ ದೇವಸ್ಥಾನದ ಹಾಲಿನಲ್ಲಿ ಕನ್ನಡ ಸಂಘದ ಯುಗಾದಿ. ಅದರಲ್ಲಿ ರೇಣುಕಾದೇವಿ ಆಂಟಿಯ ಕಛೇರಿ, ಪಿಟೀಲು ಅನಂತ. ಅದೇ ಮಧ್ಯಾಹ್ನ ಡರ್ಹಮ್‌ನ ಚರ್ಚ್ ಹಾಲೊಂದರಲ್ಲಿ ಇಂಗ್ಲಿಷ್ ಕಂಟ್ರಿ ಡ್ಯಾನ್ಸಿನವರ ವಸಂತದ ಬಾಲ್, ಅಂದರೆ ಕುಣಿತದ ಕೂಟ. ಅಲ್ಲಿಗೂ ಪಿಟೀಲು ಅನಂತನೇ. ಅವರ ಪಿಟೀಲಿನವನು ಅಟ್ಲಾಂಟಾಕ್ಕೆ ಕೆಲಸ ಬದಲಾಯಿಸಿದಾಗ, ಲ್ಯಾಬಿನ ಸಹೋದ್ಯೋಗಿ, ಅಲ್ಲಿ ಪಿಯಾನೋ ನುಡಿಸುವ ಹ್ಯಾರಲ್ಡ್, ಅನಂತನನ್ನು ಎಳೆದುಕೊಂಡು ಹೋಗಿದ್ದ.

ಆಂಟಿಯ ಕಂಠಕ್ಕೆ ದೋಷವಿರಲಿಲ್ಲ. ನಿಲ್ದಾಣವಿರಲಿಲ್ಲ, ಅಷ್ಟೆ. ಕಲ್ಯಾಣಿ ರಾಗ ಹತ್ತಿ ಕೂತರೆ ಇಳಿಯುವ ಊರು ಯಾವುದೆಂದು ಅವರಿಗೇ ತಿಳಿಯದು. ಪಿಟೀಲು ಹಿಡಿದು ಬೆನ್ನಟ್ಟುವ ಅನಂತನದು ಹೊರಟುಹೋದ ಬಸ್ಸಿನ ಹಿಂದೆ ಟ್ರಂಕು ಹೊತ್ತು ಓಡುವವನ ಪಾಡು. ಬಾಲ್‌ನಲ್ಲಿ ಹಾಗಲ್ಲ. ಒಂದೇ ಪುಟ್ಟ ಟ್ಯೂನು, ಮತ್ತೆ ಮತ್ತೆ. ಮುಂದೆ ನಿಂತು ಹೆಜ್ಜೆಗಳನ್ನು ಕೂಗಿ ಹೇಳುವ ಮಾರ್ಗರೆಟ್, ಕುಣಿದದ್ದು ಸಾಕೆನ್ನಿಸಿದಾಗ ವಾದ್ಯದವರತ್ತ ತಿರುಗಿ ಒಂದು ಬೆರಳು ಎತ್ತುತ್ತಾಳೆ. ಇನ್ನೊಂದು ಸಲ, ಆಮೇಲೆ ನಿಲ್ಲಿಸಿ ಎಂದು ಅರ್ಥ. ಆ ಬೆರಳನ್ನು ಮೊದಲ ಬಾರಿ ಕಂಡ ದಿನ ಅನಂತನ ಕಣ್ಣು ತೇವವಾಗಿತ್ತು. ಮುಗಿಯುವ ಸಂಗೀತವೂ ಲೋಕದಲ್ಲಿದೆ!

ಆದರೆ ಆಂಟಿಗೆ ಹೇಳುವವರು ಯಾರು? ಅವರು ಸಂಘದ ಸಾಂಸ್ಕೃತಿಕ ಸಮಿತಿಯ ಅಧ್ಯಕ್ಷೆ. ದೀಪಾವಳಿಯಲ್ಲಿ ಹುಡುಗ ಹುಡುಗಿ ಕೈ ಹಿಡಿದು ಕುಣಿಯುವ ಐಟಂ ಅನ್ನು "ಇದು ನಮ್ಮ ಸಂಸ್ಕೃತಿ ಅಲ್ಲ" ಎಂದು ಒಂದೇ ಮಾತಿಗೆ ಕಿತ್ತುಹಾಕಿದವರು. ಅನಂತ ಶುಕ್ರವಾರ ಸಂಘದ ಕಾರ್ಯದರ್ಶಿ ರಮೇಶನಿಗೆ ಫೋನು ಮಾಡಿ, ಕೈ ಉಳುಕಿದೆ ಎಂದುಬಿಟ್ಟ.

"ಸಿಕ್ಕಿಹಾಕ್ಕೊಂಡ್ರೆ ನನ್ ಗತಿ ಏನ್ರೀ?" ಎಂದಳು ತುಂಬು ಬಸುರಿ ಹೆಂಡತಿ ನಳಿನಿ. "ಬರೋ ಭಾನುವಾರ ನನ್ನ ಸೀಮಂತ ಆಂಟಿ ಮನೇಲಿ. ಅಮ್ಮಂಗೆ ವೀಸಾ ಬಂದಿಲ್ಲ. ಅವ್ರು ಮುನಿಸ್ಕೊಂಡ್ರೆ ನಂಗೆ ಹಸಿರು ಬಳೆ ಯಾರು ತೊಡಿಸ್ತಾರೆ? ನಿಮ್ಮ ಮಾರ್ಗರೆಟ್ಟಾ?"

"ಯಾರಿಗೆ ಗೊತ್ತಾಗತ್ತೆ ಬಿಡೆ" ಎಂದ ಅನಂತ.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ರಮೇಶ ನಿಂತಿದ್ದ. ಕೆಳಗಿನ ಅಪಾರ್ಟ್‌ಮೆಂಟಿನವನು, ಪರೋಪಕಾರವೆಂದರೆ ಅವನಿಗೆ ಕೆರೆತವಿದ್ದಂತೆ, ಮಾಡದೆ ಇರಲಾರ. ಅವನ ಹಿಂದೆ ಬ್ಯಾಗು ಹಿಡಿದು ಡಾಕ್ಟರ್ ಕೃಷ್ಣಪ್ರಸಾದ. ಮೂಳೆಯ ಡಾಕ್ಟರು, ಅದಕ್ಕಿಂತ ಮುಖ್ಯವಾಗಿ ರೇಣುಕಾದೇವಿಯ ಗಂಡ.

"ಎಲ್ಲಿ, ಕೈ ಕೊಡಪ್ಪ."

"ಅಯ್ಯಯ್ಯೋ!" ಎಂದು ಅನಂತ ಚೀರಿದ.

"ನಾನಿನ್ನೂ ಮುಟ್ಟೇ ಇಲ್ಲವಲ್ಲಯ್ಯ" ಎಂದರು ಡಾಕ್ಟರು. ಆಮೇಲೆ ಮುಟ್ಟಿದರು, ತಿರುಗಿಸಿದರು, ಕನ್ನಡಕದ ಮೇಲಿಂದ ಅನಂತನ ಮುಖ ನೋಡಿದರು. "ನಮ್ಮನೆಗೊಂದು ಫೋನ್ ಮಾಡ್ಲಾ?" ಎಂದು ಅಡಿಗೆಮನೆಗೆ ಹೋಗಿ ತಗ್ಗಿದ ದನಿಯಲ್ಲಿ ಅದೇನೋ ಮಾತಾಡಿ ಬಂದರು. ಬಂದವರೇ ಅಂಗೈಯಿಂದ ಮೊಣಕೈವರೆಗೆ ಬ್ಯಾಂಡೇಜು ಸುತ್ತತೊಡಗಿದರು. ಕೈ ಬಾಳೆದಿಂಡಿನಷ್ಟಾದ ಮೇಲೆ ಪಿನ್ನು ಹಾಕಿದರು.

"ಪಿಟೀಲಿಲ್ದೆ ನಾನು ಹಾಡಲ್ಲ ಅಂದ್ಲು ರೇಣುಕಾ. ರಮೇಶ, ಕಛೇರಿ ಇಲ್ಲಪ್ಪ."

ರಮೇಶ ನಿಟ್ಟುಸಿರಿಟ್ಟ. ಡಾಕ್ಟರು ಯಾಕೋ ಇಡಲಿಲ್ಲ.

ಮಧ್ಯಾಹ್ನ ಅನಂತ ಪಿಟೀಲನ್ನು ಲಾಂಡ್ರಿ ಬುಟ್ಟಿಯಲ್ಲಿಟ್ಟು, ಮೇಲೆ ಬೆಡ್‌ಶೀಟು ಮುಚ್ಚಿ, ಕಳ್ಳಬೆಕ್ಕಿನಂತೆ ಮೆಟ್ಟಿಲಿಳಿದ. ದೇವಸ್ಥಾನಕ್ಕೆ ಹೊರಟಿದ್ದ ರಮೇಶ ಎದುರಾದ.

"ಏನ್ರೀ ಅನ್ಯಾಯ, ಒಂದೇ ಕೈಲಿ! ಕೊಡಿ ಇಲ್ಲಿ." ಬುಟ್ಟಿ ಕಿತ್ತುಕೊಂಡವನೇ ಕಾಂಪ್ಲೆಕ್ಸಿನ ಲಾಂಡ್ರಿ ರೂಮಿಗೆ ನಡೆದು ಮೆಷಿನ್ನಿನ ಮುಚ್ಚಳ ತೆರೆದ. "ಬಿಸಿನೀರಾ, ತಣ್ಣೀರಾ?"

"ಬೇಡ, ಮುಟ್ಬೇಡಿ! ಅದು... ಅದು ನಳಿನಿ ಬಟ್ಟೆ!"

ಸಭ್ಯಸ್ಥ ರಮೇಶ ಹಾವು ಮುಟ್ಟಿದವನಂತೆ ಬುಟ್ಟಿ ಬಿಟ್ಟ. ಬುಟ್ಟಿ 'ಟೊಂಯ್' ಎಂದಿತು.

"ಅದೇನ್ರೀ?"

"ಹ್ಯಾಂಗರ್ರು."

"ಶ್ರುತಿ ಚೆನ್ನಾಗಿದೆ ರೀ ಹ್ಯಾಂಗರ್ದು" ಎನ್ನುತ್ತ, ಕಛೇರಿಯ ಜಾಗಕ್ಕೆ ಯಾರ ಮಿಮಿಕ್ರಿ ಹಾಕುವುದೆಂಬ ಚಿಂತೆಯಲ್ಲಿ ರಮೇಶ ಹೊರಟುಹೋದ.

ಡರ್ಹಮ್ ಮುಟ್ಟಿದ ಮೇಲೆ ಅನಂತ ಕಾರಿನಲ್ಲೇ ಬ್ಯಾಂಡೇಜು ಬಿಚ್ಚಿ, ಸುರುಳಿ ಸುತ್ತಿ ಕೋಟಿನ ಜೇಬಿಗೆ ತುರುಕಿದ. ಹಾಲಿನಲ್ಲಿ ಸ್ವಯಂಸೇವಕರು ಏಣಿ ಹತ್ತಿ ಕಾಗದದ ಹೂಮಾಲೆ ಕಟ್ಟುತ್ತಿದ್ದರು, ಮೇಜಿನ ಮೇಲೆ ನಿಂಬೆ ಪಾನಕದ ಪಾತ್ರೆಗಳು ಬೆವರುತ್ತಿದ್ದವು. ಉದ್ದದ ಗೌನುಗಳು, ಗುಂಡಿ ಬಿಗಿದ ವೇಸ್ಟ್‌ಕೋಟುಗಳು ಎದುರುಬದುರು ಸಾಲು ನಿಂತವು. ಮಾರ್ಗರೆಟ್ ಕೈ ತಟ್ಟಿದಳು. ಹ್ಯಾರಲ್ಡ್ ಪಿಯಾನೋ ಮೇಲೆ ಬೆರಳಿಟ್ಟ. ಅನಂತ ಪರಮಸುಖದಲ್ಲಿ ಕಮಾನು ಎಳೆದ.

ಈ ಕುಣಿತಕ್ಕೆ ಒಂದು ಕಟ್ಟಳೆಯಿದೆ. ಟ್ಯೂನು ಮುಗಿದು ಮತ್ತೆ ಮೊದಲಾದಾಗಲೆಲ್ಲ ಪ್ರತಿ ಜೋಡಿಯೂ ಒಂದು ಸ್ಥಾನ ಸರಿಯುತ್ತದೆ. ಅರ್ಧ ಜೋಡಿಗಳು ವೇದಿಕೆಯತ್ತ, ಅರ್ಧ ಬಾಗಿಲಿನತ್ತ. ವೇದಿಕೆಯ ಬುಡ ಮುಟ್ಟಿದ ಜೋಡಿ ಒಂದು ಸುತ್ತು ಸುಮ್ಮನೆ ನಿಂತು ದಣಿವಾರಿಸಿಕೊಳ್ಳಬೇಕು. ಅದನ್ನೆಲ್ಲ ಅನಂತ ಆವರೆಗೆ ತಲೆಗೆ ಹಚ್ಚಿಕೊಂಡಿರಲಿಲ್ಲ. ಹಾಲಿನ ಆ ತುದಿಯಲ್ಲಿ ಗೌನುಗಳ ನಡುವೆ ಒಂದು ಹಸಿರು ರೇಷ್ಮೆ ಸೀರೆ ಕಂಡಾಗ ಹಚ್ಚಿಕೊಂಡ. ಎತ್ತಿ ಕಟ್ಟಿದ ಸೀರೆ, ಕೆಳಗೆ ಬಿಳಿ ಸ್ನೀಕರ್ಸು, ಮೇಲೆ ರೇಣುಕಾದೇವಿ ಆಂಟಿ. ಕೆಂಪು ಗಡ್ಡದ ಆಜಾನುಬಾಹು ಒಬ್ಬನ ಎರಡೂ ಕೈ ಹಿಡಿದು ಗಿರಗಿರನೆ ತಿರುಗುತ್ತಿದ್ದರು. ಸರಿಯುತ್ತಿದ್ದದ್ದು ವೇದಿಕೆಯತ್ತ.

ಟ್ಯೂನು ಮುಗಿಯಿತು. ಆಂಟಿ ಒಂದು ಸ್ಥಾನ ಹತ್ತಿರ ಬಂದರು.

ಅನಂತ ಹುಬ್ಬು ಹಾರಿಸಿ ಮಾರ್ಗರೆಟ್‌ಳನ್ನು ಬೇಡಿಕೊಂಡ. ಇವನಿಗೆ ಎಷ್ಟು ಖುಷಿ ಎಂದು ಆಕೆ ನಕ್ಕು, ಇನ್ನೂ ನುಡಿಸು ಎಂದು ಕೈ ಬೀಸಿದಳು. ಬೇಗ ಮುಗಿಯಲೆಂದು ಅವನು ವೇಗ ಏರಿಸಿದ. ಜನ ಹೋ ಎಂದು ಹುರುಪಾದರು, ಆಂಟಿ ಇನ್ನಷ್ಟು ಬೇಗ ಬರತೊಡಗಿದರು. ತಾನು ಬಾರಿಸಿದಷ್ಟೂ ಅವರು ಹತ್ತಿರ. ನಿಲ್ಲಿಸಿದರೆ ಇಡೀ ಹಾಲು ಕಾಲೆತ್ತಿದಲ್ಲೇ ನಿಂತು ಇತ್ತಲೇ ನೋಡುತ್ತದೆ. ತನ್ನ ಹೆಣಕ್ಕೆ ತಾನೇ ವಾಲಗ ಊದುತ್ತಿರುವಂತೆ ಅನ್ನಿಸಿತು. ನಳಿನಿಯ ಬರಿಗೈ ಕಣ್ಣ ಮುಂದೆ ಬಂತು. ನೋಟ್ಸ್ ಇಡುವ ಸ್ಟ್ಯಾಂಡಿನ ಹಿಂದೆ ಅಡಗಲು ಬಗ್ಗಿದ. ಬಗ್ಗಿದ್ದೇ ತಡ, ಜೇಬಿನ ಬ್ಯಾಂಡೇಜು ಜಾರಿ, ವೇದಿಕೆಯಿಂದ ಉರುಳಿ, ಬಿಳಿ ಹಾಸು ಹಾಸುತ್ತ ಹೋಗಿ ಸ್ನೀಕರ್ಸೊಂದಕ್ಕೆ ತಾಗಿ ನಿಂತಿತು. ಆಂಟಿ ಅದೇ ಆಗ ವೇದಿಕೆಯ ಬುಡ ಮುಟ್ಟಿದ್ದರು. ಮಾರ್ಗರೆಟ್ ಬೆರಳು ಎತ್ತಲಿಲ್ಲ.

"ನೋವು ಕಮ್ಮಿ ಆಯ್ತಾ ಅನಂತ?"

"ಆಂಟಿ... ಅದು... ಬೆಳಗ್ಗೆ..."

"ಮಾತಾಡ್ಬೇಡ, ತಾಳ ತಪ್ಪತ್ತೆ." ಆಂಟಿ ಬ್ಯಾಂಡೇಜು ಎತ್ತಿಕೊಂಡು ನಿಧಾನವಾಗಿ ಸುರುಳಿ ಸುತ್ತತೊಡಗಿದರು. "ನಿನ್ ಕೈಗೆ ಏನೂ ಆಗಿಲ್ಲ ಅಂತ ಡಾಕ್ಟ್ರು ನಿಮ್ಮನೆಯಿಂದ್ಲೇ ಫೋನ್ ಮಾಡಿದ್ರು. ಏನೂ ಕೇಳ್ಬೇಡಿ, ದಪ್ಪಗೆ ಸುತ್ತಿ ಬನ್ನಿ, ರಮೇಶಂಗೆ ಅನುಮಾನ ಬರ್ಬಾರ್ದು ಅಂತ ನಾನೇ ಹೇಳ್ದೆ."

ಕಮಾನು ಕೀಚೆಂದಿತು. ಹ್ಯಾರಲ್ಡ್ ತಿರುಗಿ ನೋಡಿದ.

"ಚಳಿಗಾಲ ಪೂರ್ತಿ ರಾಲಿಯಲ್ಲಿ ಕ್ಲಾಸಿಗೆ ಹೋಗಿ ಕಲ್ತಿದೀನಿ ಕಣೋ. ಇದು ನನ್ನ ಮೊದಲನೇ ಬಾಲ್. ಸಂಘದವ್ರಿಗೆ ಯುಗಾದಿ ಮಾಡೋಕೆ ಇವತ್ತೇ ಸಿಗ್ಬೇಕಾ? ಗಂಟಲು ಕಟ್ಟಿದೆ ಅನ್ನೋಣ ಅಂತಿದ್ದೆ. ಅಷ್ಟ್ರಲ್ಲಿ ನಿನ್ ಕೈ ದೇವರು ಬಂದ ಹಾಗೆ ಬಂತು."

"ಹಾಗಾದ್ರೆ... ಸೀಮಂತ?"

"ಅದಕ್ಕೇನಾಗಿದೆ? ಒಬ್ಬಟ್ಟಿಗೆ ಬೇಳೆ ತಂದಾಯ್ತು. ನೀನು ನನ್ನ ನೋಡಿಲ್ಲ, ನಾನು ನಿನ್ನ ನೋಡಿಲ್ಲ."

ಅನಂತನಿಗೆ ಹೋದ ಜೀವ ಬಂತು. ಅದೇ ಹೊತ್ತಿಗೆ ಮಾರ್ಗರೆಟ್‌ಳ ಬೆರಳು ಮೇಲೆದ್ದಿತು. ಸಾಲಿಗೆ ಮರಳುವ ಮುನ್ನ ಆಂಟಿ ಸುರುಳಿಯನ್ನು ಅವನ ಕಾಲ ಬಳಿ ಇಟ್ಟರು.

"ಮನೆಗೆ ಹೋಗ್ತಾ ಕಟ್ಕೋ. ಮತ್ತೆ, ಇಲ್ಲಿ ಮಂಗಳವಾರ ಮಂಗಳವಾರ ಪ್ರಾಕ್ಟೀಸಂತೆ? ರಾಲಿಗಿಂತ ಇದೇ ಚೆನ್ನಾಗಿದೆ. ಡಾಕ್ಟ್ರಿಗೆ ಅವತ್ತು ಆನ್-ಕಾಲ್, ನಂಗೆ ಫ್ರೀವೇ ಅಂದ್ರೆ ಭಯ. ನೀನು ನಮ್ಮನೆ ಮುಂದೇನೇ ತಾನೆ ಬರೋದು? ಪಿಕಪ್ ಮಾಡ್ಬಿಡು. ಕಛೇರೀನ ಗಣೇಶನ ಹಬ್ಬಕ್ಕೆ ಇಟ್ಕೊಳೋಣ. ಅಲ್ಲೀವರೆಗೆ ಕಾರಲ್ಲೇ ಸಾಧನೆ ಆಗತ್ತೆ."

ಮಂಗಳವಾರ ಸಂಜೆ ಕಲ್ಯಾಣಿ ಮಾರಿಸ್‌ವಿಲ್‌ನ ಮೊದಲ ಸಿಗ್ನಲ್ಲಿನಲ್ಲೇ ಹೊರಟಿತು. ಪಿಟೀಲು ಡಿಕ್ಕಿಯಲ್ಲಿ, ಅನಂತನ ಎರಡೂ ಕೈ ಸ್ಟಿಯರಿಂಗಿನ ಮೇಲೆ. ಕಛೇರಿಯಲ್ಲಾದರೆ ನುಡಿಸುತ್ತ ಹೇಗೋ ಕಿವಿಗೆ ಮರೆಯಿತ್ತು. ಇಲ್ಲಿ ಕೇಳುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಏರ್‌ಪೋರ್ಟಿನ ಎಕ್ಸಿಟ್ ದಾಟಿದ ಮೇಲೆ ತಡೆಯಲಾಗದೆ, ಸ್ಟಿಯರಿಂಗಿನಿಂದ ಒಂದು ಬೆರಳನ್ನು ಮೆಲ್ಲಗೆ ಮೇಲೆತ್ತಿದ.

ಆಂಟಿ ತಟ್ಟನೆ ನಿಲ್ಲಿಸಿದರು. ಕ್ಲಾಸಿಗೆ ಹೋಗಿ ಕಲಿತ ಹೆಂಗಸು, ಬೆರಳಿನ ಅರ್ಥ ತಿಳಿಯದೆ?

"ಇನ್ನೊಂದು ಸಲ, ಆಮೇಲೆ ನಿಲ್ಲಿಸ್ಬೇಕು. ಅಲ್ವಾ?"

"ಹೌದು ಆಂಟಿ" ಎಂದ ಅನಂತ.

"ಆಗ್ಲಿ" ಎಂದು ಆಂಟಿ ಗಂಟಲು ಸರಿಮಾಡಿಕೊಂಡು, ಆಲಾಪನೆಯನ್ನು ಮೊದಲಿನಿಂದ ಎತ್ತಿಕೊಂಡರು.

ಡರ್ಹಮ್ ಬಂತು. ಚರ್ಚ್ ಹಾಲು ಬಂತು. ಕಾರು ನಿಂತಿತು. ಕಲ್ಯಾಣಿ ನಿಲ್ಲಲಿಲ್ಲ.